ಚಿಟ್ಟಾಣಿ ಮತ್ತು ಬಡಾಬಡಗಿನ ತೀರ್ಪು

ಯಕ್ಷಗಾನದ ಬಡಾಬಡಗು ತಿಟ್ಟಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಒಂದೇ ತೀರ್ಪನ್ನು ಒಬ್ಬರಿಂದೊಬ್ಬರು ಎರವಲು ಪಡೆಯುತ್ತ ಬಂದಿದ್ದಾರೆ. ಇಡಗುಂಜಿ ಮೇಳದ ಕೆರೆಮನೆ ಮನೆತನದವರದು ಕಲೆ, ಚಿಟ್ಟಾಣಿಯವರದು ಜನಪ್ರಿಯತೆ. ಒಂದು ಕಡೆ ಔಚಿತ್ಯ, ಇನ್ನೊಂದು ಕಡೆ ಅಬ್ಬರ. ಉತ್ತರ ಕನ್ನಡದ ಯಕ್ಷಗಾನದ ಚರಿತ್ರೆಯನ್ನು ಈ ಒಂದು ಸಾಲಿನಲ್ಲಿ ಮುಗಿಸುವ ಅಭ್ಯಾಸ ಬೇರು ಬಿಟ್ಟಿದೆ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದ ಮೇಲೂ ಅದು ಸಡಿಲವಾಗಲಿಲ್ಲ. ಈ ತೀರ್ಪು ತಪ್ಪು. ಬಡಾಬಡಗು ಏನನ್ನು ಸಾಧಿಸಲು ಹೊರಟ ತಿಟ್ಟೋ ಅದರ ಪೂರ್ಣಫಲ ಕಂಡದ್ದು ಚಿಟ್ಟಾಣಿಯವರ ಮೈಯಲ್ಲಿ.

ಬಡಗುತಿಟ್ಟಿನೊಳಗೆ ಉಡುಪಿ–ಕುಂದಾಪುರದ ಕಡೆಯ ಶೈಲಿಗೂ ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬಡಾಬಡಗು ಶೈಲಿಗೂ ವ್ಯತ್ಯಾಸವಿದೆ. ಅಲ್ಲಿ ಕುಣಿತದ ಲೆಕ್ಕಾಚಾರ, ಒಡ್ಡೋಲಗದ ಕಟ್ಟು, ಹೆಜ್ಜೆಯ ಗಡಸು ಮುಂದೆ ನಿಲ್ಲುತ್ತವೆ. ಇಲ್ಲಿ ಪದ್ಯದ ಮೇಲಿನ ಅಭಿನಯವೇ ಪ್ರಾಣ. ಭಾಗವತರು ಒಂದು ಸಾಲನ್ನು ಮತ್ತೆ ಮತ್ತೆ ಎತ್ತಿ ಕೊಡುತ್ತಾರೆ. ಪಾತ್ರಧಾರಿ ಪ್ರತಿ ಸಲವೂ ಅದೇ ಮಾತಿಗೆ ಬೇರೆ ಭಾವ ಹುಡುಕಬೇಕು. ಕಣ್ಣು, ಹುಬ್ಬು, ಕುತ್ತಿಗೆ, ಎದೆ, ಬೆರಳು ಎಲ್ಲವೂ ಮದ್ದಳೆಯ ಪೆಟ್ಟಿಗೆ ಬೇರೆಬೇರೆಯಾಗಿ ಉತ್ತರಿಸಬೇಕು. ಇದು ಈ ತಿಟ್ಟಿನ ಮೂಲಧರ್ಮ. ಚಿಟ್ಟಾಣಿಯವರನ್ನು ಅಳೆಯುವುದಿದ್ದರೆ ಈ ಧರ್ಮದಿಂದಲೇ ಅಳೆಯಬೇಕು.

ಚಿಟ್ಟಾಣಿಯವರು 1933ರಲ್ಲಿ ಹೊನ್ನಾವರ ತಾಲೂಕಿನಲ್ಲಿ, ಬಡ ಹವ್ಯಕ ಮನೆಯಲ್ಲಿ ಹುಟ್ಟಿದರು. ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲೇ ನಿಂತಿತು. ಹಿರಿಯರ ವೇಷಗಳನ್ನು ಕಣ್ಣಿಟ್ಟು ನೋಡುವುದು, ಚೌಕಿಯಲ್ಲಿ ಇರುವುದು, ಸಣ್ಣಪುಟ್ಟ ವೇಷ ಮಾಡುತ್ತ ರಾತ್ರಿ ಕಳೆಯುವುದು ಅವರ ವಿದ್ಯಾಭ್ಯಾಸವಾಯಿತು. ಮುಂದೆ ಅಮೃತೇಶ್ವರಿ, ಪೆರ್ಡೂರು ಮೊದಲಾದ ಮೇಳಗಳಲ್ಲಿ ತಿರುಗಾಟ ಮಾಡಿದರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಕೌರವ ಈ ಹೆಸರುಗಳು ಅವರ ಹೆಸರಿಗೆ ಅಂಟಿಕೊಂಡವು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. 2017ರ ಅಕ್ಟೋಬರ್ 3ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಏಳು ದಶಕಗಳಷ್ಟು ದೀರ್ಘವಾದ ರಂಗಜೀವನವನ್ನು ಬರಿಯ ಅಬ್ಬರ ಹೊತ್ತು ನಿಲ್ಲಲಾರದು. ದೇಹದ ಬಲ ಇಳಿದ ಮೇಲೆ ಉಳಿಯುವುದು ಕಲಿತದ್ದು ಮಾತ್ರ.

ಅವರ ಕಲಿಕೆಯ ಆಳ ಭಸ್ಮಾಸುರನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಿರುವುದೇ: ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರ ಪಡೆದ ಅಸುರ ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ, ಮೋಹಿನಿಯ ಜೊತೆ ಕುಣಿಯುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಳ್ಳುತ್ತಾನೆ. ಸಾಮಾನ್ಯ ನಟನಿಗೆ ಇದು ಆರ್ಭಟದ ವೇಷ. ಚಿಟ್ಟಾಣಿಯವರು ಅದನ್ನು ಒಂದು ಕೈಯ ಕಥೆಯಾಗಿ ಬೆಳೆಸಿದರು. ವರ ಸಿಕ್ಕ ಮೇಲೆ ಆ ಬಲಗೈಯನ್ನು ಅಸುರ ಮೊದಲ ಸಲ ಕಂಡವನಂತೆ ನೋಡಿಕೊಳ್ಳುತ್ತಾನೆ. ಅದನ್ನು ನಂಬಬೇಕೋ ಬೇಡವೋ ಎಂಬ ಶಂಕೆ ಹುಬ್ಬಿನಲ್ಲಿ ಮೂಡುತ್ತದೆ, ಶಂಕೆ ಕರಗಿ ಗರ್ವ ಎದೆಗೆ ಇಳಿಯುತ್ತದೆ, ಗರ್ವದ ಹಿಂದೆಯೇ ಪರೀಕ್ಷಿಸುವ ಚಪಲ ಬೆರಳ ತುದಿಗೆ ಬರುತ್ತದೆ. ಮೋಹಿನಿ ಕಾಣಿಸಿಕೊಂಡ ಮೇಲೆ ಅದೇ ಕೈ ಮರೆತುಹೋಗುತ್ತದೆ. ಈಗ ಕಣ್ಣೊಂದೇ ಕೆಲಸ ಮಾಡುತ್ತದೆ. ಅವಳು ಮಾಡಿದ ಭಂಗಿಯನ್ನು ಅನುಕರಿಸುವ ಅಸುರನಲ್ಲಿ ಒಡ್ಡುತನವೂ ಇದೆ, ಕಲಿಯುವ ಹುಡುಗನ ಹಿಗ್ಗೂ ಇದೆ. ಕೊನೆಗೆ ಕೈ ಮೇಲೇಳುವಾಗ ಪ್ರೇಕ್ಷಕರಿಗೆ ನಗು ಬರುವುದಿಲ್ಲ, ಮರುಕ ಬರುತ್ತದೆ. ಖಳನ ಮೇಲೆ ಮರುಕ ಹುಟ್ಟಿಸುವುದು ಬಡಾಬಡಗಿನ ಅಭಿನಯ ಏರಬಹುದಾದ ಎತ್ತರದ ಅಳತೆ. ಆ ಎತ್ತರವನ್ನು ಇಷ್ಟು ಸಲ, ಇಷ್ಟು ಊರುಗಳಲ್ಲಿ, ಸಾಮಾನ್ಯ ರಾತ್ರಿಗಳಲ್ಲೂ ಮುಟ್ಟಿದ ಇನ್ನೊಬ್ಬ ವೇಷಧಾರಿಯನ್ನು ಈ ಸೀಮೆ ತೋರಿಸಲಾರದು.

ಆಕ್ಷೇಪಗಳು ಮುಖ್ಯವಾಗಿ ಮೂರು. ಮೊದಲನೆಯದು ಶೃಂಗಾರದ ಅತಿರೇಕ. ಕೀಚಕ ಸೈರಂಧ್ರಿಯನ್ನು ಕಾಣುವ ದೃಶ್ಯವನ್ನು ಇದಕ್ಕೆ ಉದಾಹರಣೆಯಾಗಿ ಎತ್ತುತ್ತಾರೆ. ಆದರೆ ಕಾಮವಿಲ್ಲದ ಕೀಚಕ ವಿರಾಟನ ಸೇನಾಪತಿ ಮಾತ್ರ, ಪ್ರಸಂಗಕ್ಕೆ ಅವನಿಂದ ಏನೂ ಆಗಬೇಕಾಗಿಲ್ಲ. ಭೀಮನ ಕೈಯಲ್ಲಿ ಸಾಯುವವನ ಸಾವಿಗೆ ಅರ್ಥ ಬರುವುದು ಅವನ ಆಸೆ ಎಷ್ಟು ಕುರುಡಾಗಿತ್ತು ಎಂದು ರಂಗದ ಮೇಲೆ ಕಂಡಾಗ. ಚಿಟ್ಟಾಣಿಯವರ ಕೀಚಕ ಆಸೆಯಿಂದ ಸಣ್ಣವನಾಗುತ್ತ ಹೋಗುತ್ತಿದ್ದ. ಸೇನಾಪತಿಯ ನಡೆ ಕಳೆದು ಬೇಡುವವನ ನಡೆ ಬರುತ್ತಿತ್ತು. ಇದನ್ನು ಅಶ್ಲೀಲ ಎನ್ನುವವರು ಪ್ರಸಂಗವನ್ನು ಓದಿದ್ದಾರೆ, ಆಟವನ್ನು ನೋಡಿಲ್ಲ.

ಎರಡನೆಯದು ಪದ್ಯವನ್ನು ಎಳೆಯುತ್ತಾರೆ, ಒಂದೇ ಸಾಲಿಗೆ ಹೊತ್ತು ತಿನ್ನುತ್ತಾರೆ ಎಂಬುದು. ಸಾಲಿನ ಪುನರಾವರ್ತನೆಯೊಳಗೆ ಭಾವದ ಬೆಳವಣಿಗೆ ತೋರಿಸುವುದು ಭರತನಾಟ್ಯದ ಪದ, ವರ್ಣಗಳಲ್ಲೂ ಉಂಟು. ಅಲ್ಲಿ ಅದಕ್ಕೆ ಶಾಸ್ತ್ರದ ಗೌರವ, ಇಲ್ಲಿ ಕಾಲಹರಣದ ಆಪಾದನೆ. ಕಡತೋಕ ಮಂಜುನಾಥ ಭಾಗವತರಂಥವರ ಪದ್ಯಕ್ಕೆ ಹೆಜ್ಜೆ ಹಾಕುವಾಗ ಅವಸರ ಮಾಡುವುದು ಹಿಮ್ಮೇಳಕ್ಕೆ ಮಾಡುವ ಅನ್ಯಾಯ.

ಮೂರನೆಯದು ಅರ್ಥಗಾರಿಕೆ ತೆಳುವಾಗಿತ್ತು ಎಂಬುದು. ಈ ಮಾತಿನ ಹಿಂದೆ ಘಟ್ಟದ ಮೇಲಿನ ತಾಳಮದ್ದಳೆಯ ಅಭಿರುಚಿ ಇದೆ. ಶಿರಸಿ, ಸಿದ್ದಾಪುರದ ಮಳೆಗಾಲದ ಕೂಟಗಳಲ್ಲಿ ವೇಷವಿಲ್ಲ, ಕುಣಿತವಿಲ್ಲ. ವಾದ, ಶ್ಲೋಕ, ತರ್ಕಗಳೇ ಕಥೆಯನ್ನು ನಡೆಸುತ್ತವೆ. ಆ ಕಲೆಗೆ ಅದರದೇ ಘನತೆ ಇದೆ. ಆದರೆ ಅದರ ಮಾಪನವನ್ನು ರಂಗಸ್ಥಳಕ್ಕೆ ತಂದು ಕುಣಿಯುವವನ ತಲೆಯ ಮೇಲೆ ಇಡುವುದು ಸಲ್ಲದು. ಚಿಟ್ಟಾಣಿಯವರು ಮಾತನ್ನು ಚಿಕ್ಕದಾಗಿ ಆಡಿದರು, ಏಕೆಂದರೆ ಪದ್ಯ ಮುಗಿಯುವಷ್ಟರಲ್ಲಿ ಹೇಳಬೇಕಾದದ್ದು ಮೈಯಲ್ಲಿ ಹೇಳಿ ಮುಗಿದಿರುತ್ತಿತ್ತು.

ಕೆರೆಮನೆಯ ಸಾಧನೆ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಬಂದು, ಪಾತ್ರಚಿಂತನೆಯನ್ನೂ ರಂಗಶಿಸ್ತನ್ನೂ ಬೆಳೆಸಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಶಿಕ್ಷಣ ಕೇಂದ್ರ ಸ್ಥಾಪಿಸಿದರು. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರ ಕಂಠ ಆ ಮೇಳದ ಶೀಲವನ್ನೇ ರೂಪಿಸಿತು. ಆದರೂ ಆ ರಂಗದಲ್ಲಿ ನಟ ತನ್ನ ಪಾತ್ರದ ಬಗ್ಗೆ ಯೋಚಿಸಿದ್ದಾನೆ ಎಂಬುದು ಕಾಣುತ್ತದೆ. ಚಿಟ್ಟಾಣಿಯವರ ರಂಗದಲ್ಲಿ ಯೋಚನೆ ಮೈಯೊಳಗೆ ಇಳಿದು ಕಾಣದಂತಾಗಿರುತ್ತದೆ. ಓದಿದ ಪ್ರೇಕ್ಷಕರಿಗೆ ಮೊದಲನೆಯದು ಹಿಡಿಸುವುದು ಸಹಜ, ಅದರ ಬಗ್ಗೆ ಬರೆಯುವುದು ಸುಲಭ. ಬರೆಯಲು ಸುಲಭವಾದದ್ದೇ ಶ್ರೇಷ್ಠ ಎಂಬ ನಂಬಿಕೆ ಇಲ್ಲಿಂದ ಹುಟ್ಟಿತು.

ಮೈಯ ಕೌಶಲ ಮತ್ತು ಕಲೆಯ ಪರಿಣಾಮ ಇವೆರಡನ್ನು ಬೇರೆಬೇರೆ ಮಾಡಿ ಅಂಕ ಹಾಕುವ ಹಂಬಲ ಯಕ್ಷಗಾನಕ್ಕೆ ಮಾತ್ರ ಸೇರಿದ್ದಲ್ಲ. ಹಿಮದ ಮೇಲೆ ಜಾರುತ್ತ ಕುಣಿಯುವ ಫಿಗರ್ ಸ್ಕೇಟಿಂಗ್‌ನಲ್ಲಿ ತೀರ್ಪುಗಾರರು ಬಹುಕಾಲ ತಾಂತ್ರಿಕತೆಗೆ ಒಂದು, ಕಲಾತ್ಮಕತೆಗೆ ಒಂದು ಎಂದು ಎರಡು ಅಂಕ ಕೊಡುತ್ತಿದ್ದರು. ರಷ್ಯದ ಯೆವ್ಗೆನಿ ಪ್ಲುಷೆಂಕೊ 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 2010ರ ವ್ಯಾಂಕೂವರ್‌ನಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತ ಮಾಡಿಯೂ, ಅದನ್ನು ಮಾಡದ ಅಮೆರಿಕದ ಇವಾನ್ ಲೈಸಾಚೆಕ್‌ನಿಗೆ 1.31 ಅಂಕದಿಂದ ಸೋತ. ಆ ಜಗಳ ಇನ್ನೂ ಪೂರ್ತಿ ತಣಿದಿಲ್ಲ. ಜಿಗಿತ ಹೆಚ್ಚೋ ಒಟ್ಟಂದ ಹೆಚ್ಚೋ ಎಂಬ ಪ್ರಶ್ನೆಯೇ ಅಲ್ಲಿ ತಪ್ಪಾಗಿತ್ತು. ಜಿಗಿತವನ್ನು ಅಂದದಿಂದ ಬಿಡಿಸಿ ತೂಗಿದ್ದರಿಂದ ಆ ಪ್ರಶ್ನೆ ಹುಟ್ಟಿತು. ಚಿಟ್ಟಾಣಿಯವರ ಗಿರಕಿ ಮತ್ತು ಕಣ್ಣಿನ ವಿಷಯದಲ್ಲೂ ಅದೇ ತಪ್ಪು ನಡೆದಿದೆ.

ಯಕ್ಷಗಾನಕ್ಕೆ ತನ್ನದೇ ಆದ ಪಂದ್ಯದ ಪದ್ಧತಿಯಿದೆ. ಜೋಡಾಟದಲ್ಲಿ ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ ಕಟ್ಟಿ ಎರಡು ಮೇಳಗಳು ಏಕಕಾಲಕ್ಕೆ ಆಡುತ್ತವೆ. ಅಲ್ಲಿ ಅಂಕಪಟ್ಟಿಯಿಲ್ಲ. ಜನ ಎದ್ದು ಯಾವ ಕಡೆ ಹೋಗಿ ಕೂರುತ್ತಾರೋ ಅದೇ ತೀರ್ಪು. ಈ ತೀರ್ಪನ್ನು ಕೀಳಾಗಿ ಕಾಣುವುದು ಕಳೆದ ಶತಮಾನದಲ್ಲಿ ಬೆಳೆದ ರೂಢಿ. ಯಕ್ಷಗಾನವನ್ನು ಸಭಾಂಗಣಕ್ಕೆ, ಎರಡು ಮೂರು ತಾಸಿನ ಪ್ರದರ್ಶನಕ್ಕೆ, ವಿದೇಶದ ವೇದಿಕೆಗೆ ಒಗ್ಗಿಸುವ ಸುಧಾರಣೆಗಳು ನಡೆದವು. ಶಿವರಾಮ ಕಾರಂತರ ಬ್ಯಾಲೆ ಪ್ರಯೋಗಗಳು ಇವುಗಳಲ್ಲಿ ಪ್ರಸಿದ್ಧ. ಅವುಗಳಿಂದ ಕಲೆಗೆ ಗೌರವ ಸಿಕ್ಕಿತು. ಜೊತೆಗೆ, ಇಡೀ ರಾತ್ರಿ ಕೂತು ನೋಡುವವರ ಅಭಿರುಚಿ ತಿದ್ದಿಸಿಕೊಳ್ಳಬೇಕಾದದ್ದು ಎಂಬ ಭಾವನೆಯೂ ಬಂತು.

ಆ ಪ್ರೇಕ್ಷಕ ಯಾರು? ಗಂಟೆ ಕಟ್ಟಿ ಹರಕೆ ತೀರಿಸುವ ಚಂದಗುಳಿಯ ಘಂಟೆ ಗಣಪತಿಯ ಸುತ್ತಲಿನ ಯಲ್ಲಾಪುರ ಸೀಮೆಯಂಥ ಊರುಗಳಲ್ಲಿ ಅಡಿಕೆ ಕೊಯ್ಲು, ಸುಲಿತ ಮುಗಿಸಿ ಆಟಕ್ಕೆ ಬರುವವರು ಪ್ರಸಂಗದ ಪದ್ಯಗಳನ್ನು ಬಾಯಲ್ಲಿಟ್ಟುಕೊಂಡೇ ಬರುತ್ತಾರೆ. ಭಾಗವತರು ತಾಳ ಬದಲಿಸಿದರೆ ಗೊತ್ತಾಗುತ್ತದೆ, ವೇಷಧಾರಿ ಪದ್ಯ ನುಂಗಿದರೆ ಗೊತ್ತಾಗುತ್ತದೆ. ಹಿಂದಿನ ವರ್ಷದ ಕೀಚಕನೊಂದಿಗೆ ಈ ವರ್ಷದ ಕೀಚಕನನ್ನು ಹೋಲಿಸಿ ಮಾರನೆಯ ದಿನ ತೋಟದಲ್ಲಿ ಮಾತಾಡುತ್ತಾರೆ. ಇದು ವಿಮರ್ಶೆಯೇ. ಬರವಣಿಗೆಗೆ ಇಳಿಯದ ಕಾರಣಕ್ಕೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆ ತನ್ನ ಅರ್ಧ ಸಾಕ್ಷ್ಯವನ್ನು ತಾನೇ ಕಳೆದುಕೊಂಡಿದೆ. ಈ ಜನ ತಲೆಮಾರುಗಳ ಕಾಲ ಒಬ್ಬ ಕಲಾವಿದನ ಕಡೆ ತಿರುಗಿ ಕೂತರೆ ಅದನ್ನು ಜನಪ್ರಿಯತೆ ಎಂದು ತಳ್ಳಿಹಾಕಲಾಗದು. ಅದು ಪರಿಣತರು ಕೊಟ್ಟ ಮನ್ನಣೆ.

ಚಿಟ್ಟಾಣಿ ಶೈಲಿಯನ್ನು ಅನುಕರಿಸಿದವರಲ್ಲಿ ಹಲವರು ಹೊರರೂಪವನ್ನಷ್ಟೇ ಹಿಡಿದರು ಎಂಬುದು ನಿಜ. ಕುತ್ತಿಗೆಯ ಕೊಂಕು, ಕಣ್ಣಿನ ಹೊರಳು ಭಾವದ ಕಾರಣವಿಲ್ಲದೆ ಬಂದಾಗ ನೋಡಲಾಗುವುದಿಲ್ಲ. ಆ ದೋಷ ಅನುಕರಿಸಿದವರದು. ಮಕ್ಕಳಾದ ಸುಬ್ರಹ್ಮಣ್ಯ ಮತ್ತು ನರಸಿಂಹ ಚಿಟ್ಟಾಣಿ, ಮೊಮ್ಮಗ ಕಾರ್ತಿಕ್ ಚಿಟ್ಟಾಣಿ ರಂಗದಲ್ಲಿ ಆ ಪರಂಪರೆಯನ್ನು ಮುಂದುವರಿಸಿದ್ದಾರೆ. ವ್ಯಕ್ತಿಯೊಬ್ಬನ ಚಮತ್ಕಾರ ಅವನೊಂದಿಗೆ ಮುಗಿಯುತ್ತದೆ. ಮುಂದಿನವರು ಕಲಿಯಬಹುದಾದದ್ದು ಶೈಲಿ. ಹಾಗಿರುವಾಗ ಬಡಾಬಡಗಿನ ಚರಿತ್ರೆಯಲ್ಲಿ ಚಿಟ್ಟಾಣಿಯವರನ್ನು ಅಪವಾದವೆಂದು ಬರೆಯುವುದು ನಿಲ್ಲಬೇಕು. ಪದ್ಯವನ್ನು ಮೈಯಲ್ಲಿ ಅರಳಿಸುವುದು ಈ ತಿಟ್ಟಿನ ನಿಯಮವಾದರೆ, ಆ ನಿಯಮ ಹೇಗಿರುತ್ತದೆ ಎಂದು ತಿಳಿಯಲು ನೋಡಬೇಕಾದ ಮೊದಲ ಉದಾಹರಣೆ ಅವರೇ. ಕೆರೆಮನೆಯ ಸ್ಥಾನ ಅದರ ನಂತರದ್ದು.