ಭಾಷಣದಲ್ಲಿ ಬಾರದ ಹೊಲ

ಸೆಪ್ಟೆಂಬರ್ 17ರ ವಿಮೋಚನಾ ದಿನದ ಭಾಷಣಕ್ಕೆ ಒಂದು ಸಿದ್ಧ ಅಚ್ಚಿದೆ. ಹೈದರಾಬಾದಿನ ನಿಜಾಮ, ಖಾಸಿಂ ರಜ್ವಿ, ಅವನ ರಜಾಕಾರರ ಹಾವಳಿ, ಅವರಿಗೆ ಎದುರು ನಿಂತ ಹೋರಾಟಗಾರರ ಮುಂಡರಗಿ ಶಿಬಿರ, ಸರ್ದಾರ್ ಪಟೇಲ್, ಪೊಲೀಸ್ ಕಾರ್ಯಾಚರಣೆ; ಕೊನೆಗೆ ಮಕ್ಕಳಿಗೆ ಸಿಹಿ. ಕೊಪ್ಪಳದಲ್ಲಿ ಕೇಳಿದರೂ ಇದೇ, ನವಲಿಯಲ್ಲಿ ಕೇಳಿದರೂ ಇದೇ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಫ್ಲೆಕ್ಸ್ ಬದಲಾಯಿತು, ಭಾಷಣ ಬದಲಾಗಲಿಲ್ಲ.

ಇದರಲ್ಲಿ ಸುಳ್ಳೇನೂ ಇಲ್ಲ. ಶಿಬಿರ ಕಟ್ಟಿದವರ ಎದೆಗಾರಿಕೆ ದೊಡ್ಡದು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಯವರನ್ನು ಕುಷ್ಟಗಿ ಕ್ಷೇತ್ರದ ಜನ 1952ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದ್ದು ಸುಮ್ಮನೆ ಅಲ್ಲ. ನನ್ನ ತಕರಾರು ಕಥೆ ನಿಲ್ಲುವ ಜಾಗದ ಮೇಲೆ. ನಿಜಾಮನ ಆಳ್ವಿಕೆ ಕೊನೆಗೊಂಡ 1948ಕ್ಕೆ ಎಲ್ಲ ಮುಗಿಯಿತು ಎಂದುಬಿಟ್ಟರೆ ರೈತನ ಜಗಳ ಯಾತಕ್ಕಿತ್ತು ಎಂಬುದೇ ಮರೆಯಾಗುತ್ತದೆ.

ಆಗ ಕೊಪ್ಪಳ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಿ. ಒಕ್ಕಲಿಗನಿಗೆ ನಿಜಾಮ ಬಲು ದೂರ. ಹತ್ತಿರವಿದ್ದವರು ಕಂದಾಯ ಎತ್ತುವ ಮಾಲಿಪಾಟೀಲ, ಕಾವಲಿನ ಪೊಲೀಸ್ ಪಾಟೀಲ, ಲೆಕ್ಕ ಬರೆಯುವ ಕುಲಕರ್ಣಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಧಾನ್ಯ ಅಳೆಸಿದ್ದೂ ಊರೊಳಗಿನ ಇಂಥ ಕೈಗಳೇ. ಹುದ್ದೆಗಳು ಹೋದವು, ಅಡ್ಡಹೆಸರುಗಳಾಗಿ ಉಳಿದವು. ಅಂಥ ಮನೆತನದವರು ವೇದಿಕೆಯ ಮೇಲೆ ಕೂತಿರುವುದೂ ಉಂಟು. ಭಾಷಣಕಾರರು ಹೊಲದ ಮಾತೆತ್ತದಿರಲು ಅದೂ ಒಂದು ಕಾರಣವಿದ್ದೀತು.

1949ರಲ್ಲಿ ಜಹಗೀರಿ ರದ್ದಾಯಿತು, 1950ರಲ್ಲಿ ಗೇಣಿ ಕಾಯ್ದೆ ಬಂತು. ಆದರೆ ನೆಲದ ನಿಜವಾದ ಕೈಬದಲು ನಡೆದದ್ದು 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ. ಎರೆಹೊಲದಲ್ಲಿ ಜೋಳ, ಹತ್ತಿ ಬಿತ್ತಿಕೊಂಡಿದ್ದವನಿಗೆ ಗದ್ದೆ ಮಟ್ಟ ಮಾಡಿಸುವ ದುಡ್ಡಿರಲಿಲ್ಲ, ಭತ್ತದ ಕಸುಬೂ ತಿಳಿದಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದವರಿಗೆ ಎರಡೂ ಇದ್ದವು. ಅವರು ದುಡಿದರು, ಕ್ಯಾಂಪ್ ಎಂದು ಕರೆಯುವ ಹೊಸ ಊರುಗಳನ್ನು ಕಟ್ಟಿದರು, ಗಂಗಾವತಿ ಭತ್ತದ ಕಣಜವಾಯಿತು. ಅಗ್ಗಕ್ಕೆ ಹೊಲ ಮಾರಿದ ಎಷ್ಟೋ ಮನೆಯವರು ಅಲ್ಲೇ ನಾಟಿಯ ಕೂಲಿಗೆ ನಿಂತರು. ಇದರಲ್ಲಿ ಖಳನಾಯಕನಿಲ್ಲ, ಉತ್ಸವಕ್ಕೆ ಇದು ಒಗ್ಗದಿರುವುದೂ ಅದಕ್ಕೇ.

ಇನ್ನು ವಿಮೋಚನೆ ಯಾರಿಗೆ? 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದರ ಹಿಂದೆ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ಅವರಿಗೆ ಮುಚ್ಚಿದ್ದ ಜಗಳವಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಮುಂದೆ ಬಹುತೇಕರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು.

ಆಳುವವರು ಹೋದರೂ ನೆಲದ ಅನ್ಯಾಯ ಉಳಿದದ್ದು ನಮ್ಮಲ್ಲಷ್ಟೇ ಅಲ್ಲ. ಗ್ವಾಟೆಮಾಲಾದ ಮಾಯಾ ರೈತರ ಕಥೆ ನಮ್ಮದಕ್ಕಿಂತ ಎಷ್ಟೋ ಪಾಲು ಘೋರ. ಸ್ಪೇನಿನ ಆಳ್ವಿಕೆ ಹೋದ ಮೇಲೂ ಕಾಫಿ ತೋಟಗಳಿಗಾಗಿ ಅವರ ಊರೊಟ್ಟಿನ ನೆಲ ಕಿತ್ತುಕೊಂಡರು. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು. ಆದರೂ 1999ರ ಅಲ್ಲಿನ ಸತ್ಯಶೋಧನಾ ವರದಿ ಕೊಂದವರ ಲೆಕ್ಕಕ್ಕೇ ನಿಲ್ಲದೆ ನೆಲದ ಅನ್ಯಾಯದವರೆಗೂ ಹೋಯಿತು. ನಮ್ಮಲ್ಲಿ 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ದಾಖಲಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಟ್ಟಲೆ ಕಡತದಲ್ಲೇ ಕೊಳೆಯಿತು. ಭಾಷಣದಲ್ಲಂತೂ ಅದರ ಸುಳಿವಿಲ್ಲ.

ಈಗ ಹೂಳು ತುಂಬಿ ತುಂಗಭದ್ರಾ ಜಲಾಶಯ ಸುಮಾರು 30 ಟಿಎಂಸಿ ಅಡಿಯಷ್ಟು ಜಾಗ ಕಳೆದುಕೊಂಡಿದೆ. ಬದಲಿಗೆ ನವಲಿ ಬಳಿ ಸಮಾನಾಂತರ ಜಲಾಶಯದ ಪ್ರಸ್ತಾವವಿದೆ. ಮುಳುಗುವ ಹೊಲ ಯಾರದು, ನೀರುಣ್ಣುವ ಹೊಲ ಯಾರದು ಎಂದು ಕೇಳಲು ಉತ್ಸವದ ವೇದಿಕೆಗಿಂತ ಒಳ್ಳೆಯ ಜಾಗವಿಲ್ಲ. ಮುಂದಿನ ವರ್ಷದ ಭಾಷಣ ಬರೆಯುವ ಮೇಷ್ಟ್ರು ಒಮ್ಮೆ ಹಳೆಯ ಭೂದಾಖಲೆ ತೆಗೆಸಿ, ಊರಿನ ಹೊಲಗಳು ಯಾರ ಖಾತೆಯಿಂದ ಯಾರ ಖಾತೆಗೆ ಹೋದವೆಂದು ನೋಡಲಿ. ಉರ್ದು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕಾದೀತು. ನಿಜಾಮರ ಕೊನೆಯ ದಶಕಗಳ ಕಚೇರಿ ಬರವಣಿಗೆ ಹೆಚ್ಚಾಗಿ ಆ ಭಾಷೆಯಲ್ಲೇ ನಡೆದಿದ್ದು.