ರನ್‌ವೇ ಸರ್ಕಾರದ್ದು, ಹಾರುವುದೂ ಬಿಡುವುದೂ ಕಂಪನಿಯದ್ದು

1932ರ ಅಕ್ಟೋಬರ್‌ನಲ್ಲಿ ಟಾಟಾ ಕಂಪನಿಯ ಪುಟ್ಟ ಅಂಚೆ ವಿಮಾನ ಕರಾಚಿಯಿಂದ ಹೊರಟು ಅಹಮದಾಬಾದು, ಮುಂಬಯಿ ದಾಟಿ ಮದ್ರಾಸಿಗೆ ಹೋಗುವ ದಾರಿಯಲ್ಲಿ ಬಳ್ಳಾರಿಯಲ್ಲಿ ಇಳಿದಿತ್ತು. ಆಗ ಆದವಾನಿ ಬಳ್ಳಾರಿ ಜಿಲ್ಲೆಯದೇ ಒಂದು ತಾಲ್ಲೂಕು. ಇಪ್ಪತ್ತೊಂದು ವರ್ಷಗಳ ನಂತರ, 1953ರ ಆಗಸ್ಟ್ 1ರಂದು, ಖಾಸಗಿ ವಿಮಾನ ಕಂಪನಿಗಳೆಲ್ಲ ಸರ್ಕಾರದ ಎರಡು ನಿಗಮಗಳಲ್ಲಿ ಸೇರಿಹೋದವು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಕನ್ನಡ ಮಾತಾಡುವ ಮನೆಗಳು ಗಡಿಯ ಈಚೆ ಉಳಿದವು, ಮಕ್ಕಳ ಓದು, ನೌಕರಿ, ನೆಂಟಸ್ತಿಕೆ ಬೆಂಗಳೂರಿನ ಕಡೆಗೇ ಇದ್ದವು. ಹೋಗಿಬರುವ ದಾರಿ ಮಾತ್ರ ರೈಲು, ಇಲ್ಲವೆ ಬಸ್ಸು.

ವಿಮಾನಯಾನವನ್ನು ಸರ್ಕಾರ ಮತ್ತೆ ನಿಯಂತ್ರಣಕ್ಕೆ ತೆಗೆದುಕೊಳ್ಳಬೇಕೆ ಎಂಬ ಪ್ರಶ್ನೆ 2025ರ ಡಿಸೆಂಬರ್‌ನಲ್ಲಿ ದೇಶದ ಎಲ್ಲ ಕಡೆ ಎದ್ದಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ ಮೊದಲೇ ಪ್ರಕಟವಾಗಿದ್ದರೂ, ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಒಯ್ಯುವ ಇಂಡಿಗೋ ಅದಕ್ಕೆ ಸಿದ್ಧವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟಗಳು ರದ್ದಾದವು, ಉಳಿದ ಕಂಪನಿಗಳ ದರ ಮುಗಿಲು ಮುಟ್ಟಿತು. ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ದರಕ್ಕೆ ಮಿತಿ ಹಾಕಿತು: 500 ಕಿ.ಮೀ. ವರೆಗೆ 7,500 ರೂಪಾಯಿ, ಸಾವಿರದವರೆಗೆ 12,000, ಅದಕ್ಕಿಂತ ದೂರಕ್ಕೆ ಇನ್ನೂ ಹೆಚ್ಚು. ಕೋವಿಡ್ ಕಾಲದಲ್ಲೂ 2020ರ ಮೇ ತಿಂಗಳಿಂದ 2022ರ ಆಗಸ್ಟ್ ಕೊನೆಯವರೆಗೆ ಇಂಥ ಮಿತಿ ಇತ್ತು. ಸರ್ಕಾರದ ಕೈ ಎಂದೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಆ ಕೈ ಎಲ್ಲಿ ಚಾಚುತ್ತದೆ, ಎಲ್ಲಿ ಚಾಚುವುದಿಲ್ಲ ಎಂಬುದನ್ನು ನೋಡಲು ಆದವಾನಿ ಈಗಿರುವ ಕರ್ನೂಲು ಜಿಲ್ಲೆಗಿಂತ ಒಳ್ಳೆಯ ಜಾಗ ಬೇಡ.

ಕರ್ನೂಲಿನಿಂದ ನಂದ್ಯಾಲ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿ.ಮೀ. ಹೋದರೆ ಓರ್ವಕಲ್ಲು. ಅಲ್ಲಿ ರಾಜ್ಯ ಸರ್ಕಾರ 2,000 ಮೀಟರ್ ಉದ್ದದ ರನ್‌ವೇ ಕಟ್ಟಿತು. 2021ರ ಮಾರ್ಚ್ 25ರಂದು ಮುಖ್ಯಮಂತ್ರಿ ಜಗನ್‌ಮೋಹನ ರೆಡ್ಡಿ ಅದನ್ನು ಉದ್ಘಾಟಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರದ ವಿರುದ್ಧ ಬಂಡೆದ್ದು 1847ರಲ್ಲಿ ಗಲ್ಲಿಗೇರಿದ ಉಯ್ಯಾಲವಾಡ ನರಸಿಂಹ ರೆಡ್ಡಿಯ ಹೆಸರನ್ನು ಇಟ್ಟರು. ಮೂರು ದಿನಗಳ ನಂತರ ಇಂಡಿಗೋ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಕ್ಕೆ ವಿಮಾನ ಆರಂಭಿಸಿತು, ಕೇಂದ್ರದ ಉಡಾನ್ ಯೋಜನೆಯಡಿಯಲ್ಲಿ.

ಉಡಾನ್‌ನ ಲೆಕ್ಕ ಹೀಗಿದೆ. ಯಾರೂ ಹಾರದ ಊರಿಗೆ ಹಾರಲು ಒಪ್ಪಿದ ಕಂಪನಿಗೆ ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತದೆ, ಆ ಮಾರ್ಗದಲ್ಲಿ ಬೇರೆಯವರನ್ನು ಬಿಡುವುದಿಲ್ಲ. ಬದಲಿಗೆ ಕಂಪನಿ ಒಂದಷ್ಟು ಸೀಟುಗಳನ್ನು ನಿಗದಿತ ದರಕ್ಕೆ ಕೊಡಬೇಕು. 2017ರಲ್ಲಿ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಆ ದರ 2,500 ರೂಪಾಯಿ ಇತ್ತು. ಹತ್ತಿ ವ್ಯಾಪಾರದ ಆದವಾನಿಗೆ, ಮಂತ್ರಾಲಯಕ್ಕೆ ವರ್ಷವಿಡೀ ಕರ್ನಾಟಕದಿಂದ ಬರುವ ಭಕ್ತರಿಗೆ, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ ಇದು ಒಳ್ಳೆಯ ಉದ್ದೇಶವೇ. ಅದನ್ನು ಅಲ್ಲಗಳೆಯುವಂತಿಲ್ಲ.

ಯೋಜನೆ ಸೋತದ್ದು ಮೂರು ವರ್ಷದ ಆಚೆ. ನಷ್ಟಭರ್ತಿ ನಿಂತ ದಿನ ಕಂಪನಿಯ ಹೊಣೆಯೂ ನಿಲ್ಲುತ್ತದೆ. ಯಾವ ಊರಿಗೆ ಹಾರಬೇಕು, ಯಾವುದನ್ನು ಬಿಡಬೇಕು ಎಂಬುದು ಮತ್ತೆ ಅದರ ಲಾಭದ ಲೆಕ್ಕಕ್ಕೆ ಬರುತ್ತದೆ. ಮಹಾಲೇಖಪಾಲರ 2023ರ ವರದಿ ಇದನ್ನು ಅಂಕಿಗಳಲ್ಲಿ ಇಟ್ಟಿದೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54. ಹಂಚಿದ ನೂರು ಮಾರ್ಗಗಳಲ್ಲಿ ಏಳು!

ಆದವಾನಿಯವರಿಗೆ ಇನ್ನೊಂದು ದಾರಿಯೂ ಇತ್ತು. ಬಳ್ಳಾರಿ ದಾಟಿದರೆ ತೋರಣಗಲ್ಲು, ಅಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯ ವಿಮಾನ ನಿಲ್ದಾಣ. 2017ರಲ್ಲಿ ಹೈದರಾಬಾದಿನ ಟ್ರೂಜೆಟ್ ಉಡಾನ್‌ನಡಿ ಅಲ್ಲಿಂದ ಹಾರತೊಡಗಿತು. 2022ರ ಆರಂಭದಲ್ಲಿ ಆ ಕಂಪನಿಯೇ ನಿಂತುಹೋಯಿತು. ದೊಡ್ಡ ಕಂಪನಿ ಸಣ್ಣ ಊರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಣ್ಣ ಕಂಪನಿಗೆ ಉಳಿಯುವ ಶಕ್ತಿ ಇಲ್ಲ. ಈ ಎರಡರ ನಡುವೆ ಸೀಮೆಯ ಜನ ಸಿಕ್ಕಿಕೊಂಡಿದ್ದಾರೆ. ಕರ್ನೂಲಿನಿಂದ ಸ್ವಂತ ರಾಜ್ಯದ ರಾಜಧಾನಿಯ ಕಡೆಗೆ, ಅಂದರೆ ವಿಜಯವಾಡಕ್ಕೆ, ವಿಮಾನ ಬಂದದ್ದು ನಿಲ್ದಾಣ ತೆರೆದ ನಾಲ್ಕು ವರ್ಷಗಳ ಮೇಲೆ, 2025ರ ಜುಲೈ 2ರಂದು. ಅದೂ ವಾರಕ್ಕೆ ಮೂರು ದಿನ.

ಹಾಗಾದರೆ 1953ಕ್ಕೆ ಮರಳಬೇಕೆ? ಬೇಡ. ದರವನ್ನು ದೆಹಲಿ ನಿಗದಿಪಡಿಸುತ್ತಿದ್ದ ಆ ಕಾಲದಲ್ಲಿ ವಿಮಾನ ಹತ್ತಿದ್ದು ಅಧಿಕಾರಿಗಳು, ಸಿರಿವಂತರು. ಸಣ್ಣ ಊರುಗಳಿಗೆಂದೇ 1981ರಲ್ಲಿ ಹುಟ್ಟಿದ ವಾಯುದೂತ್ ನಷ್ಟದಲ್ಲಿ ಮುಳುಗಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನೊಳಗೆ ಕರಗಿತು. 1994ರ ಮಾರ್ಚ್‌ನಲ್ಲಿ ನಿಗಮಗಳ ಕಾಯ್ದೆ ರದ್ದಾದ ಮೇಲೆ, ಅದರಲ್ಲೂ 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂದ ಮೇಲೆ, ಸಾಮಾನ್ಯ ನೌಕರನೂ ವಿಮಾನದ ಟಿಕೆಟ್ ಕೊಳ್ಳುವಂತಾಯಿತು. ಆ ಬಾಗಿಲನ್ನು ಮುಚ್ಚಬೇಕೆಂದು ಯಾರೂ ಬಯಸಲಾರರು.

ಆದರೆ ಅದೇ 1994ರಲ್ಲಿ ಸರ್ಕಾರ ಇನ್ನೊಂದು ನಿಯಮ ತಂದಿತ್ತು. ಲಾಭದ ಹನ್ನೆರಡು ದೊಡ್ಡ ಮಾರ್ಗಗಳಲ್ಲಿ ಹಾರುವ ಕಂಪನಿ, ಅಲ್ಲಿನ ಸಾಮರ್ಥ್ಯದ ನೂರಕ್ಕೆ ಹತ್ತರಷ್ಟನ್ನು ಈಶಾನ್ಯ, ಕಾಶ್ಮೀರ, ಅಂಡಮಾನ್‌ನಂಥ ಕಡೆಗೆ, ಅರ್ಧದಷ್ಟನ್ನು ದೇಶದ ಇತರ ಮಾರ್ಗಗಳಿಗೆ ಕೊಡಬೇಕಿತ್ತು. ಕಾಗದದ ಮೇಲೆ ನ್ಯಾಯವಾದ ಮಾತು. ದೋಷವಿದ್ದುದು ಆ ‘ಇತರ’ದಲ್ಲಿ. ಬೆಂಗಳೂರು–ಹೈದರಾಬಾದ್ ಆ ಹನ್ನೆರಡರ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಕರ್ನೂಲಿನ ನೆತ್ತಿಯ ಮೇಲೆ ಹಾದುಹೋಗುವ ಆ ವಿಮಾನಗಳನ್ನು ಓಡಿಸಿಯೇ ಕಂಪನಿಗಳು ತಮ್ಮ ಕರ್ತವ್ಯ ಮುಗಿಸಬಹುದಿತ್ತು. ಕೆಳಗಿನ ಊರಿಗೆ ಇಳಿಯಬೇಕೆಂಬ ಒತ್ತಾಯ ಎಲ್ಲೂ ಇರಲಿಲ್ಲ.

ಆಂಧ್ರದ ಆರ್‌ಟಿಸಿ ಬಸ್ಸು ಕೌತಾಳಂ, ಕೋಸಿಗಿಯ ಹಳ್ಳಿಗಳಿಗೆ ಹೋಗುವುದು ಅಲ್ಲಿ ಲಾಭ ಬರುತ್ತದೆಂದಲ್ಲ, ಜನ ಇದ್ದಾರೆಂದು. ಆಕಾಶಕ್ಕೂ ಆ ತತ್ವ ಹೊಸದಲ್ಲ. 1978ರಲ್ಲಿ ವಿಮಾನಯಾನವನ್ನು ಮೊದಲು ಮುಕ್ತಗೊಳಿಸಿದ ಅಮೆರಿಕವೇ, ಅದೇ ಕಾಯ್ದೆಯಲ್ಲಿ ಸಣ್ಣ ಊರುಗಳ ಸೇವೆ ನಿಲ್ಲದಂತೆ ಸಹಾಯಧನದ ಏರ್ಪಾಡು ಮಾಡಿತು. ಹತ್ತು ವರ್ಷಕ್ಕೆಂದು ಶುರುವಾದದ್ದು ಈಗಲೂ ನಡೆಯುತ್ತಿದೆ. ಮಾರುಕಟ್ಟೆಯಲ್ಲಿ ಅಷ್ಟು ನಂಬಿಕೆ ಇಟ್ಟ ದೇಶವೂ ಸಣ್ಣ ಊರನ್ನು ಮೂರು ವರ್ಷಕ್ಕೆ ಕೈಬಿಡಲಿಲ್ಲ.

ದರದ ವಿಷಯದಲ್ಲೂ ಹೊಸ ಕಾನೂನು ಬೇಕಿಲ್ಲ. 1937ರ ವಿಮಾನ ನಿಯಮಗಳ 135ನೇ ನಿಯಮ ಟಿಕೆಟ್ ದರ ನ್ಯಾಯಯುತವಾಗಿರಬೇಕು ಎನ್ನುತ್ತದೆ, ಮಿತಿಮೀರಿದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಧ್ಯೆ ಬರುವ ಅಧಿಕಾರವನ್ನೂ ಕೊಡುತ್ತದೆ. ಆ ಅಧಿಕಾರ ಬಳಕೆಗೆ ಬರುವುದು ಜನ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದ ಮೇಲೆ. ಆದವಾನಿಯಲ್ಲಿ ರೈಲು ಹತ್ತುವವನಿಗೆ ಸ್ಲೀಪರ್ ದರ, ತತ್ಕಾಲ್ ಮತ್ತು ವಿಶೇಷ ರೈಲು ಬಿಟ್ಟರೆ, ಹಬ್ಬಕ್ಕೂ ಬೇರೆ ದಿನಕ್ಕೂ ಒಂದೇ. ವಿಮಾನಕ್ಕೆ ಅಷ್ಟು ಬಿಗಿ ಬೇಕಿಲ್ಲ. ಆದರೆ ಯಾವ ಮಾರ್ಗದಲ್ಲಿ ದರ ಗರಿಷ್ಠ ಎಲ್ಲಿಯವರೆಗೆ ಹೋಗಬಹುದು ಎಂಬುದು ಬಿಕ್ಕಟ್ಟಿಗೆ ಮೊದಲೇ ಪ್ರಯಾಣಿಕನಿಗೆ ತಿಳಿದಿರಬೇಕು. ಒಂದೇ ಕಂಪನಿ ದೇಶದ ಬಹುಪಾಲು ಆಕಾಶವನ್ನು ಹಿಡಿದಿರುವಾಗ ‘ಸ್ಪರ್ಧೆ ದರವನ್ನು ನೋಡಿಕೊಳ್ಳುತ್ತದೆ’ ಎಂಬ ವಾದಕ್ಕೆ ಆಧಾರವಿಲ್ಲ.

ಆದ್ದರಿಂದ ನಿಯಂತ್ರಣ ಮರಳಬೇಕು, ಮಾಲೀಕತ್ವವಾಗಿ ಅಲ್ಲ, ಕಟ್ಟುಪಾಡಾಗಿ. ಸಾರ್ವಜನಿಕ ಹಣದಲ್ಲಿ ಕಟ್ಟಿದ ನಿಲ್ದಾಣವನ್ನು ಬಳಸಿ, ಮೂರು ವರ್ಷ ನಷ್ಟಭರ್ತಿ ಪಡೆದ ಕಂಪನಿ, ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಹೊತ್ತಿನ ಸ್ಲಾಟ್ ಕೇಳುವಾಗ ಓರ್ವಕಲ್ಲಿಗೂ ಹಾರುವೆನೆಂಬ ಷರತ್ತಿಗೆ ಸಹಿ ಹಾಕಲಿ. 2025ರ ಕೇಂದ್ರ ಬಜೆಟ್ ಪರಿಷ್ಕೃತ ಉಡಾನ್ ಘೋಷಿಸಿದೆ: ಹತ್ತು ವರ್ಷಗಳಲ್ಲಿ 120 ಹೊಸ ಊರುಗಳು, ನಾಲ್ಕು ಕೋಟಿ ಪ್ರಯಾಣಿಕರು. ಈ ಷರತ್ತನ್ನು ಅದರಲ್ಲಿ ಬರೆಸುವ ಕೆಲಸ ಕರ್ನೂಲು, ಬಳ್ಳಾರಿ, ರಾಯಚೂರಿನ ಸಂಸದರದು. ಅವರು ಗಡಿಯ ಎರಡೂ ಬದಿಯಿಂದ ಒಟ್ಟಾಗಿ ಅದನ್ನು ಕೇಳಲಿ.