ಹದಿನೈದು ಸುತ್ತು ನಿಲ್ಲುವ ಗುರಿ

ದುರ್ಬಲನೊಬ್ಬ ಬಲಾಢ್ಯನನ್ನು ಎದುರಿಸುವ ಕಥೆಗಳಲ್ಲಿ ಗೆಲುವಿನ ಗಾತ್ರಕ್ಕಿಂತ ಗುರಿಯ ಗಾತ್ರವೇ ಮುಖ್ಯವೆಂಬುದನ್ನು 1976ರಲ್ಲಿ ತೆರೆಕಂಡ ‘ರಾಕಿ’ಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಬಾಕ್ಸಿಂಗ್ ಚಿತ್ರ ಇನ್ನೊಂದಿಲ್ಲ. ಸಿಲ್ವೆಸ್ಟರ್ ಸ್ಟಲೋನ್ ಬರೆದು ನಟಿಸಿದ, ಜಾನ್ ಜಿ. ಅವಿಲ್ಡ್‌ಸನ್ ನಿರ್ದೇಶಿಸಿದ ಈ ಚಿತ್ರ ಸುಮಾರು ಹತ್ತು ಲಕ್ಷ ಡಾಲರ್‌ಗಳ, ಅಂದಿನ ಹಾಲಿವುಡ್ಡಿನ ಲೆಕ್ಕದಲ್ಲಿ ತೀರಾ ಸಣ್ಣ ಮೊತ್ತದ ವೆಚ್ಚದಲ್ಲಿ ತಯಾರಾಗಿ, ಮರುವರ್ಷದ ಆಸ್ಕರ್ ಸಮಾರಂಭದಲ್ಲಿ ‘ಟ್ಯಾಕ್ಸಿ ಡ್ರೈವರ್’, ‘ನೆಟ್‌ವರ್ಕ್’ಗಳಂಥ ಘಟಾನುಘಟಿ ಚಿತ್ರಗಳನ್ನು ಹಿಂದಿಕ್ಕಿ ಅತ್ಯುತ್ತಮ ಚಿತ್ರ, ನಿರ್ದೇಶನ ಹಾಗೂ ಸಂಕಲನದ ಪ್ರಶಸ್ತಿಗಳನ್ನು ಪಡೆಯಿತು. ಪ್ರಶಸ್ತಿಗಳು ಆ ವರ್ಷದ ಮಾತಾದರೆ, ಅರ್ಧ ಶತಮಾನದ ನಂತರವೂ ಚಿತ್ರವನ್ನು ಜೀವಂತವಾಗಿಟ್ಟಿರುವುದು ಅದರ ನಾಯಕ ತನಗೆ ತಾನೇ ಹಾಕಿಕೊಂಡ ಗುರಿಯ ಪ್ರಾಮಾಣಿಕತೆ.

ಕಥೆಯ ಬೀಜ ನಿಜವಾಗಿ ನಡೆದ ಒಂದು ಪಂದ್ಯದಲ್ಲಿದೆ. 1975ರ ಮಾರ್ಚ್ 24ರಂದು ಅಮೆರಿಕದ ಓಹಾಯೊ ರಾಜ್ಯದಲ್ಲಿ ಜಗತ್ತಿನ ಹೆವಿವೇಟ್ ಚಾಂಪಿಯನ್ ಮುಹಮ್ಮದ್ ಅಲಿಯ ಎದುರು ನಿಂತವರು ನ್ಯೂಜೆರ್ಸಿಯ ಚಕ್ ವೆಪ್ನರ್. ಮದ್ಯದ ಮಾರಾಟ ಪ್ರತಿನಿಧಿಯ ಕೆಲಸ ಮಾಡುತ್ತಲೇ ಬಾಕ್ಸಿಂಗ್ ಆಡುತ್ತಿದ್ದ ಅವರು ಕೆಲವು ಸುತ್ತು ನಿಂತಾರೆಂದೂ ಬಹಳ ಜನ ನಂಬಿರಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದದ್ದನ್ನು ಪ್ರೇಕ್ಷಕರು ಕಂಡರು. ಹದಿನೈದನೆಯ ಮತ್ತು ಕೊನೆಯ ಸುತ್ತಿನಲ್ಲಿ ಇನ್ನು 19 ಸೆಕೆಂಡುಗಳಷ್ಟೇ ಉಳಿದಿದ್ದಾಗ ವೆಪ್ನರ್ ಟೆಕ್ನಿಕಲ್ ನಾಕೌಟಿನಿಂದ, ಎಂದರೆ ಆಟಗಾರ ಮುಂದುವರಿಯುವ ಸ್ಥಿತಿಯಲ್ಲಿಲ್ಲವೆಂದು ರೆಫರಿ ಪಂದ್ಯ ನಿಲ್ಲಿಸಿ ಕೊಡುವ ತೀರ್ಪಿನಿಂದ, ಸೋತರು. ಆ ಪಂದ್ಯವನ್ನು ನೋಡಿದ ಸ್ಟಲೋನ್, ಆಗಿನ್ನೂ ಹೆಸರಿಲ್ಲದ ನಟ, ಸುಮಾರು ಮೂರೂವರೆ ದಿನಗಳಲ್ಲಿ ಚಿತ್ರಕಥೆಯ ಮೊದಲ ಕರಡನ್ನು ಬರೆದು ಮುಗಿಸಿ, ನಾಯಕನ ಪಾತ್ರ ತನಗೇ ಸಿಗದಿದ್ದರೆ ಅದನ್ನು ಮಾರುವುದಿಲ್ಲವೆಂದು ಹಟ ಹಿಡಿದರು. ವೆಪ್ನರ್‌ಗೆ ದಕ್ಕದೆ ಹೋದ ಆ 19 ಸೆಕೆಂಡುಗಳನ್ನು ಅವರು ತಮ್ಮ ರಾಕಿ ಬಾಲ್ಬೋವನಿಗೆ ದಕ್ಕಿಸಿಕೊಟ್ಟರು ಎನ್ನುವುದೇ ಆ ಕಥೆಯ ಸಾರ.

ಇದರ ಹೊಸತನ ತಿಳಿಯಬೇಕಾದರೆ ಹಳೆಯ ಬಾಕ್ಸಿಂಗ್ ಚಿತ್ರಗಳ ಕಡೆ ಒಮ್ಮೆ ನೋಡಬೇಕು. 1947ರ ‘ಬಾಡಿ ಅಂಡ್ ಸೋಲ್’, 1949ರ ‘ದ ಸೆಟ್-ಅಪ್’ ಮುಂತಾದ ಶ್ರೇಷ್ಠ ಕಪ್ಪು-ಬಿಳುಪು ಚಿತ್ರಗಳ ಕೇಂದ್ರದಲ್ಲಿದ್ದುದು ಜೂಜುಕೋರರ ಹಣಕ್ಕಾಗಿ ಬೇಕೆಂದೇ ಸೋಲುವ ಒಳಒಪ್ಪಂದ. ನಾಯಕ ಆಟವನ್ನು ಮಾರಿಕೊಳ್ಳುತ್ತಾನೆಯೇ ಇಲ್ಲವೇ ಎಂಬ ಪ್ರಶ್ನೆಯ ಮೇಲೆ ಅವುಗಳ ಬಿಗಿ ನಿಂತಿತ್ತು. ‘ರಾಕಿ’ಯಲ್ಲಿ ಅಂಥ ಒತ್ತಡ ಹೇರುವವರು ಯಾರೂ ಇಲ್ಲ, ಅವನ ಸೋಲನ್ನು ಎಲ್ಲರೂ ಮೊದಲೇ ಲೆಕ್ಕಕ್ಕೆ ಹಿಡಿದಿರುವುದರಿಂದ ಕೊಳ್ಳುವವರೂ ಇಲ್ಲ, ಹಾಗಾಗಿ ಪ್ರಶ್ನೆ ಹೊರಗಿನಿಂದ ಒಳಗೆ ಸರಿಯುತ್ತದೆ.

ಫಿಲಡೆಲ್ಫಿಯಾದ ಬಡ ಬೀದಿಗಳಲ್ಲಿ ಬಡ್ಡಿ ವ್ಯವಹಾರದವನೊಬ್ಬನ ಪರವಾಗಿ ಸಾಲ ವಸೂಲಿ ಮಾಡುತ್ತ, ಬಾಕಿದಾರನ ಹೆಬ್ಬೆರಳು ಮುರಿಯಬೇಕೆಂಬ ಅಪ್ಪಣೆಯನ್ನು ಪಾಲಿಸಲಾಗದೆ ಹಿಂದಿರುಗುವ ರಾಕಿಗೆ, ಚಿತ್ರದ ಆರಂಭದ ಪಂದ್ಯದಲ್ಲಿ ಗೆದ್ದ ಮೇಲೂ ಕಡಿತಗಳೆಲ್ಲ ಹೋಗಿ ಕೈಗೆ ಸಿಗುವುದು 40 ಡಾಲರಿನಷ್ಟು. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಸಂಭ್ರಮಕ್ಕೆಂದು ಏರ್ಪಾಡಾದ ಪಂದ್ಯದಲ್ಲಿ ಎದುರಾಳಿ ಗಾಯಗೊಂಡು ಹಿಂದೆ ಸರಿದಾಗ, ಚಾಂಪಿಯನ್ ಅಪೋಲೊ ಕ್ರೀಡ್ ಸ್ಥಳೀಯ ಆಟಗಾರರ ಪಟ್ಟಿಯಿಂದ ‘ಇಟಾಲಿಯನ್ ಸ್ಟಾಲಿಯನ್’ ಎಂಬ ಬಿರುದಿನ ಆಕರ್ಷಣೆಗೇ ಇವನನ್ನು ಆರಿಸುತ್ತಾನೆ, ಸಂಭಾವನೆ ಒಮ್ಮೆಗೇ ಒಂದೂವರೆ ಲಕ್ಷ ಡಾಲರಿಗೆ ಜಿಗಿಯುತ್ತದೆ. ರಾಕಿಯ ಸಾಮರ್ಥ್ಯ ಕಿಂಚಿತ್ತೂ ಬದಲಾಗದಿದ್ದರೂ ಅವನ ಬೆಲೆ ಬದಲಾಗುವ ಈ ತಿರುವನ್ನು ಚಿತ್ರ ಸಂಭ್ರಮಿಸದೆ ಅನುಮಾನದಿಂದಲೇ ನೋಡುತ್ತದೆ.

ಆ ಅನುಮಾನ ಅತ್ಯಂತ ತೀವ್ರವಾಗಿ ಪ್ರಕಟವಾಗುವುದು ಗರಡಿಯ ಮುದಿ ವಸ್ತಾದ ಮಿಕ್ಕಿ ರಾಕಿಯ ಕೋಣೆಗೆ ಬಂದು ತರಬೇತಿಯ ಹೊಣೆ ಕೊಡೆಂದು ಅಂಗಲಾಚುವ ದೃಶ್ಯದಲ್ಲಿ. ಕೆಲವೇ ದಿನಗಳ ಹಿಂದೆ ರಾಕಿಯ ಲಾಕರನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟಿದ್ದ ಈ ಮುದುಕ, ಬರ್ಜೆಸ್ ಮೆರೆಡಿತ್ ಅವರ ಅಭಿನಯದಲ್ಲಿ, ತನ್ನ ಹಳೆಯ ಪಂದ್ಯಗಳ ನೆನಪನ್ನೂ ವ್ಯರ್ಥವಾದ ಆಯುಷ್ಯವನ್ನೂ ಮುಂದಿಡುತ್ತಾನೆ. ರಾಕಿ ಮೌನವಾಗಿದ್ದು, ಆತ ಹೊರಟ ಮೇಲೆ ಮುಚ್ಚಿದ ಬಾಗಿಲಿನತ್ತ ವರ್ಷಗಳ ಸಿಟ್ಟನ್ನೆಲ್ಲ ಕೂಗಿ ಕಾರಿಕೊಳ್ಳುತ್ತಾನೆ. ಬಳಿಕ ಬೀದಿಗೆ ಓಡಿ ಮುದುಕನ ಕೈ ಕುಲುಕುವುದನ್ನು ಕ್ಯಾಮೆರಾ ಬಹಳ ದೂರದಿಂದ, ಅವರಾಡಿದ ಒಂದು ಮಾತನ್ನೂ ಕೇಳಿಸದೆ ತೋರಿಸುತ್ತದೆ, ಮತ್ತು ಕ್ಷಮೆಯೆಂಬುದು ಆ ಇಬ್ಬರ ನಡುವಿನ ಖಾಸಗಿ ಸಂಗತಿಯೆಂದು ನಿರ್ದೇಶಕ ಇಲ್ಲಿ ತೋರಿದ ಸಂಯಮ ಈ ಬಗೆಯ ಚಿತ್ರಗಳಲ್ಲಿ ಅಪರೂಪ.

ಪಂದ್ಯದ ಹಿಂದಿನ ರಾತ್ರಿ ಖಾಲಿ ಕ್ರೀಡಾಂಗಣಕ್ಕೆ ಹೋಗುವ ರಾಕಿ, ತೂಗುಹಾಕಿದ ತನ್ನ ದೊಡ್ಡ ಚಿತ್ರದಲ್ಲಿ ಚಡ್ಡಿಯ ಬಣ್ಣ ತಪ್ಪಾಗಿರುವುದನ್ನು ತೋರಿಸಿದಾಗ, ಅದರಿಂದೇನೂ ವ್ಯತ್ಯಾಸವಾಗದೆಂದು ಪಂದ್ಯದ ಆಯೋಜಕ ಹೇಳಿಬಿಡುತ್ತಾನೆ. ಚಿತ್ರೀಕರಣದ ವೇಳೆ ನಿಜವಾಗಿಯೇ ಆದ ಈ ತಪ್ಪನ್ನು ಸರಿಪಡಿಸಲು ಹಣ ಸಾಲದೆ ಕಥೆಯೊಳಗೇ ಸೇರಿಸಿಕೊಂಡದ್ದು ಬಡತನವೇ ಕಲೆಗೆ ಒದಗಿಬಂದ ಬಗೆ. ತನ್ನನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲವೆಂದು ಅರಿತು ಮನೆಗೆ ಮರಳುವ ರಾಕಿ, ತನ್ನಿಂದ ಗೆಲ್ಲಲಾಗದು, ಆದರೆ ಕ್ರೀಡನೆದುರು ಈವರೆಗೆ ಯಾರೂ ನಿಲ್ಲದ ಹದಿನೈದು ಸುತ್ತೂ ನಿಂತು ಕೊನೆಯ ಗಂಟೆ ಕೇಳಿಸಿಕೊಂಡರೆ ತಾನು ಬೀದಿಯ ಇನ್ನೊಬ್ಬ ಅಬ್ಬೇಪಾರಿಯಲ್ಲವೆಂದು ಗೊತ್ತಾಗುತ್ತದೆ ಎಂಬರ್ಥದ ಮಾತನ್ನು ತನ್ನ ಪ್ರೇಯಸಿ ಏಡ್ರಿಯನ್‌ಗೆ ಹೇಳುತ್ತಾನೆ. ಹುಟ್ಟುವಾಗಲೇ ಮುಖದ ಎಡಭಾಗದ ನರಗಳಿಗಾದ ಪೆಟ್ಟಿನಿಂದ ಸ್ಟಲೋನರಿಗೆ ಅಂಟಿಕೊಂಡ ತೊದಲಿದಂಥ ಉಚ್ಚಾರ ಇಲ್ಲಿ ಅಭಿನಯದ ಬಲವಾಗುತ್ತದೆ, ಏಕೆಂದರೆ ಈ ಮಾತು ಸಲೀಸಾಗಿ ಬಂದಿದ್ದರೆ ಅದು ಬರೀ ಡೈಲಾಗ್ ಆಗಿ ಉಳಿಯುತ್ತಿತ್ತು.

ಚಿತ್ರದ ತಾಂತ್ರಿಕ ಕೌಶಲವೂ ಇದೇ ಗುರಿಗೆ ದುಡಿದಿದೆ. ಓಡುತ್ತಿರುವ ಛಾಯಾಗ್ರಾಹಕನ ಮೈಗೆ ಬಿಗಿದಿದ್ದರೂ ದೃಶ್ಯ ಅಲುಗದಂತೆ ಕಾಯುವ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಗ್ಯಾರೆಟ್ ಬ್ರೌನ್ ಆಗಷ್ಟೇ ರೂಪಿಸಿದ್ದರು. ಫಿಲಡೆಲ್ಫಿಯಾ ಕಲಾಸಂಗ್ರಹಾಲಯದ 72 ಮೆಟ್ಟಿಲುಗಳನ್ನು ರಾಕಿ ಏರುವ ಪ್ರಸಿದ್ಧ ದೃಶ್ಯ ಅದರ ಮೊದಮೊದಲ ಬಳಕೆಗಳಲ್ಲೊಂದು. ಅಂತಿಮ ಪಂದ್ಯದ ಪ್ರತಿ ಹೊಡೆತವನ್ನೂ ಸ್ಟಲೋನ್ ಮೊದಲೇ ಬರೆದಿಟ್ಟು, ಕ್ರೀಡ್ ಪಾತ್ರದ ಕಾರ್ಲ್ ವೆದರ್ಸ್ ಜೊತೆ ದಿನಗಟ್ಟಲೆ ಅಭ್ಯಾಸ ಮಾಡಿದ್ದರಿಂದಲೇ, ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದಲ್ಲೇ ಇರೆಂದು ಮಿಕ್ಕಿಯೇ ಕೂಗುತ್ತಿರುವಾಗ ರಾಕಿ ಹಗ್ಗ ಹಿಡಿದು ಮೇಲೇಳುವ ಕ್ಷಣ ಅಷ್ಟು ನಿಜವೆನಿಸುತ್ತದೆ. ತೀರ್ಪು ‘ಸ್ಪ್ಲಿಟ್ ಡಿಸಿಷನ್’, ಎಂದರೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಒಬ್ಬನ ಪರವಾಗಿ, ಮತ್ತೊಬ್ಬರು ಇನ್ನೊಬ್ಬನ ಪರವಾಗಿ ಕೊಡುವ ಒಡಕು ತೀರ್ಪು. ಗೆದ್ದವನು ಕ್ರೀಡ್, ಆದರೆ ಏಡ್ರಿಯನ್ನಳನ್ನು ಕೂಗಿ ಕರೆಯುತ್ತಿರುವ ರಾಕಿಗೆ ಆ ಘೋಷಣೆಯ ಪರಿವೆಯೇ ಇಲ್ಲ.

ಮುಂದಿನ ಭಾಗಗಳನ್ನು ಇದೇ ಅಳತೆಗೋಲಿನಿಂದ ನೋಡುವುದು ನ್ಯಾಯ. 1979ರ ಎರಡನೆಯ ಭಾಗದಲ್ಲಿ ರಾಕಿ ಚಾಂಪಿಯನ್ ಆದ, ಮತ್ತು 1985ರ ನಾಲ್ಕನೆಯ ಭಾಗದ ಹೊತ್ತಿಗೆ ಸೋವಿಯತ್ ಬಾಕ್ಸರನನ್ನು ಮಾಸ್ಕೋದಲ್ಲೇ ಮಣಿಸಿ ಶೀತಲ ಸಮರದ ಭಾರವನ್ನೆಲ್ಲ ಹೊರತೊಡಗಿದ. ಸ್ಟಲೋನರ ಇನ್ನೊಂದು ಪ್ರಸಿದ್ಧ ಪಾತ್ರಕ್ಕೂ ಅದೇ ವರ್ಷ ಅದೇ ಗತಿ ಬಂತು: 1982ರ ‘ಫಸ್ಟ್ ಬ್ಲಡ್’ನಲ್ಲಿ ಸಣ್ಣ ಊರೊಂದರಲ್ಲಿ ಒಂದು ಹೊತ್ತಿನ ಊಟವನ್ನಷ್ಟೇ ಬಯಸಿ ಬಂದು, ಪೊಲೀಸರ ದೌರ್ಜನ್ಯಕ್ಕೆ ಸಿಕ್ಕಿ, ಕೊನೆಗೆ ವಿಯೆಟ್ನಾಂ ಯುದ್ಧದ ನೆನಪುಗಳಿಗೆ ಬಿಕ್ಕಿ ಅಳುವ ಮಾಜಿ ಸೈನಿಕ ರ‍್ಯಾಂಬೊ, 1985ರ ಎರಡನೆಯ ಭಾಗದಲ್ಲಿ ಒಂಟಿಯಾಗಿ ಸೈನ್ಯವನ್ನೇ ಸದೆಬಡಿಯುವ ಯೋಧನಾದ. ಈ ಚಿತ್ರಗಳ ರಂಜನೆಯನ್ನು ಅಲ್ಲಗಳೆಯಬೇಕಿಲ್ಲವಾದರೂ, ಗುರಿ ದೇಶದ ಗಾತ್ರಕ್ಕೆ ಹಿಗ್ಗಿದಾಗ ಅವುಗಳ ನಾಯಕನೊಳಗಿನ ಮನುಷ್ಯ ಕುಗ್ಗಿದ್ದನ್ನು ಅಭಿಮಾನಿಯೂ ಒಪ್ಪಲೇಬೇಕಾಗುತ್ತದೆ.

ಸರಣಿ ಮತ್ತೆ ತನ್ನ ಎತ್ತರಕ್ಕೆ ಮರಳಿದ್ದು 2006ರ ‘ರಾಕಿ ಬಾಲ್ಬೋವ’ದಲ್ಲಿ ಮತ್ತು ರಯಾನ್ ಕೂಗ್ಲರ್ ನಿರ್ದೇಶಿಸಿದ 2015ರ ‘ಕ್ರೀಡ್’ನಲ್ಲಿ. ಮೊದಲನೆಯದರಲ್ಲಿ ಅರವತ್ತರ ಅಂಚಿನ, ಪತ್ನಿಯನ್ನು ಕಳೆದುಕೊಂಡ ರಾಕಿ ತನ್ನೊಳಗೆ ಉಳಿದಿರುವುದನ್ನು ಖಾಲಿಮಾಡಲೆಂದು ಮಾತ್ರ ರಿಂಗಿಗೆ ಇಳಿದರೆ, ಎರಡನೆಯದರಲ್ಲಿ ಅಪೋಲೊನ ವಿವಾಹಬಾಹಿರ ಸಂಬಂಧದ ಮಗ ಅಡೋನಿಸ್ ತನ್ನ ಹುಟ್ಟು ಒಂದು ತಪ್ಪಲ್ಲವೆಂದು ಸಾಬೀತುಪಡಿಸಲು ಹೋರಾಡುತ್ತಾನೆ. ಮೊದಲ ‘ರಾಕಿ’ಯೂ ಸೇರಿದಂತೆ ಸರಣಿಯ ಅತ್ಯುತ್ತಮವಾದ ಈ ಮೂರೂ ಚಿತ್ರಗಳು ನಾಯಕ ಒಡಕು ತೀರ್ಪಿನಿಂದ ಸೋಲುವುದರಲ್ಲೇ ಮುಗಿಯುತ್ತವೆ, ಮೂರರಲ್ಲೂ ನಾಯಕ ತಾನು ಬಯಸಿದ್ದನ್ನು ಪಡೆದೇ ರಿಂಗಿನಿಂದ ಹೊರಬರುತ್ತಾನೆ.

ಹಾಗೆಂದು ಸೋಲೇ ಈ ಬಗೆಯ ಚಿತ್ರಗಳ ಶ್ರೇಷ್ಠತೆಯ ಲಕ್ಷಣವಲ್ಲ. 1935ರಲ್ಲಿ ಮ್ಯಾಕ್ಸ್ ಬೇರ್ ಅವರನ್ನು ಸೋಲಿಸಿ ಚಾಂಪಿಯನ್ ಆದ ಜೇಮ್ಸ್ ಬ್ರಾಡಕ್ ಅವರ ಜೀವನವನ್ನು ಆಧರಿಸಿದ ‘ಸಿಂಡ್ರೆಲಾ ಮ್ಯಾನ್’ (2005) ಗೆಲುವಿನಲ್ಲೇ ಮುಗಿದರೂ ಮನಸ್ಸನ್ನು ತಟ್ಟುವುದು, ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಅದರ ನಾಯಕ ಹೋರಾಡುವುದು ಮಕ್ಕಳ ಹಾಲಿಗಾಗಿ ಎಂಬ ಕಾರಣಕ್ಕೆ. ದುರ್ಬಲನ ಕಥೆ ನಂಬಿಕೆಗೆ ಅರ್ಹವಾಗುವುದು ಅವನ ಬಯಕೆ ಅವನ ಬದುಕಿನ ಅಳತೆಯಲ್ಲೇ ಇದ್ದಾಗ. ಜಗತ್ತನ್ನು ಗೆಲ್ಲುವ ನಾಯಕರನ್ನು ಜನ ಬೆರಗಿನಿಂದ ನೋಡುತ್ತಾರೆ, ಕೊನೆಯ ಗಂಟೆಯವರೆಗೆ ನಿಲ್ಲಬಯಸುವವನಲ್ಲಿ ತಮ್ಮನ್ನೇ ಕಾಣುತ್ತಾರೆ. ಸ್ಟಲೋನ್ ಅವರನ್ನು ಕೇವಲ ಹೊಡೆದಾಟದ ತಾರೆಯೆಂದು ಬದಿಗಿಡುವವರು ಅವರೊಳಗಿನ ಬರಹಗಾರ 1975ರಲ್ಲೇ ಕಂಡುಕೊಂಡ ಈ ಸತ್ಯವನ್ನು ಮರೆಯುತ್ತಾರೆ, ಮತ್ತು ಅದಕ್ಕಾಗಿಯೇ ಆ ಮೊದಲ ಚಿತ್ರವನ್ನು ಮತ್ತೆ, ಪಂದ್ಯದ ಭಾಗಕ್ಕೆ ಹಾರಿಹೋಗದೆ ಮೊದಲಿನಿಂದಲೇ, ನೋಡುವುದು ಅಗತ್ಯ.